ವ್ಯಾಪಾರಕ್ಕಿಳಿದ ಸರಕಾರ, ಬಾಗಿಲಿಗೆ ಬಂದ ಜಪ್ತಿ

(ಶಿವಾಜಿನಗರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಡಿಕ್ರಿ ಪಡೆಯುವುದು ಅರ್ಧ ದಾರಿ ಮಾತ್ರವೆಂದು ಶಿವಾಜಿನಗರದ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮಲ್ಜಾರಿಗೆ ಹೊರಟಾಗಲೇ ಸಾಲಗಾರನ ಅಂಗಡಿ ಭಾವನ ಹೆಸರಿನಲ್ಲಿರುವುದು ತಿಳಿಯುತ್ತದೆ. ಸಾಲಗಾರ ಒಂದು ರಾಷ್ಟ್ರವೇ ಆಗಿದ್ದರೆ?

ಈ ಪ್ರಶ್ನೆ ನಮ್ಮ ಊರಿನಿಂದಲೇ ಹೊರಟು ಲೋಕ ಸುತ್ತಿದೆ. 2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಸಂಸ್ಥೆಯಾದ ಬೆಂಗಳೂರಿನ ಆಂಟ್ರಿಕ್ಸ್, ಇದೇ ಊರಿನ ದೇವಾಸ್ ಮಲ್ಟಿಮೀಡಿಯಾ ಕಂಪೆನಿಗೆ ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಸಾಮರ್ಥ್ಯವನ್ನು ಗುತ್ತಿಗೆಗೆ ಕೊಡಲು ಒಪ್ಪಿತು. 2011ರಲ್ಲಿ ಕೇಂದ್ರ ಸರಕಾರವು ರಕ್ಷಣಾ ಅಗತ್ಯದ ಕಾರಣ ನೀಡಿ ಅದನ್ನು ರದ್ದುಪಡಿಸಿತು. 2015ರಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಗಾರರು ಆಂಟ್ರಿಕ್ಸ್ ಮೇಲೆ 56.25 ಕೋಟಿ ಡಾಲರ್ ಪರಿಹಾರ ವಿಧಿಸಿದರು. ದೇವಾಸ್‌ನ ಮಾರಿಷಸ್ ಹೂಡಿಕೆದಾರರು ಭಾರತ-ಮಾರಿಷಸ್ ಒಪ್ಪಂದದಡಿ ಸರಕಾರದ ವಿರುದ್ಧವೇ ಬೇರೆ ತೀರ್ಪು ಪಡೆದರು.

ಬಳಿಕ ಆಸ್ತಿಯ ಹುಡುಕಾಟ. ದೂತಾವಾಸದ ಕಟ್ಟಡವನ್ನು ಮುಟ್ಟುವಂತಿಲ್ಲ. 1961ರ ವಿಯೆನ್ನಾ ಒಪ್ಪಂದ ಅದನ್ನು ಕಾಯುತ್ತದೆ. ವ್ಯಾಪಾರದ ಹಣಕ್ಕೆ ಆ ರಕ್ಷಣೆಯಿಲ್ಲ. 2021ರ ಕೊನೆಯಲ್ಲಿ ಕೆನಡಾದ ಕ್ವಿಬೆಕ್ ನ್ಯಾಯಾಲಯವು ವಿಮಾನ ಸಾರಿಗೆ ಸಂಘದ ಬಳಿಯಿದ್ದ, ಆಗಿನ್ನೂ ಸರಕಾರದ್ದಾಗಿದ್ದ ಏರ್ ಇಂಡಿಯಾದ ಹಣದ ಜಪ್ತಿಗೆ ಅನುಮತಿ ನೀಡಿತು. ಕೆಲವೇ ವಾರಗಳಲ್ಲಿ ಆದೇಶ ಸಡಿಲಗೊಂಡಿತೆನ್ನಿ. ಆದರೂ ದಿಲ್ಲಿಯಲ್ಲಿ ಮುಚ್ಚಿದ ಕಡತಕ್ಕಾಗಿ ಪ್ರಯಾಣಿಕರ ಟಿಕೆಟ್ ಹಣ ಮಾಂಟ್ರಿಯಲ್‌ನಲ್ಲಿ ಸಿಕ್ಕಿಕೊಂಡಿತು.

ನಮ್ಮ ನ್ಯಾಯಾಲಯಗಳು ಇತರರಿಗೆ ಹೇಳಿದ್ದೂ ಇದನ್ನೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಮಿನಂತೆ ವಿದೇಶಿ ರಾಷ್ಟ್ರದ ಮೇಲೆ ದಾವೆ ಹೂಡಲು ಕೇಂದ್ರದ ಒಪ್ಪಿಗೆ ಬೇಕು. ಆದರೆ ವಾಣಿಜ್ಯ ವ್ಯವಹಾರದಿಂದ ಹುಟ್ಟಿದ ಮಧ್ಯಸ್ಥಿಕೆ ತೀರ್ಪಿನ ಅಮಲ್ಜಾರಿಗೆ ಅದು ಬೇಕಿಲ್ಲವೆಂದು 2021ರ ಜೂನ್‌ನಲ್ಲಿ ದಿಲ್ಲಿ ಹೈಕೋರ್ಟು ಆಫ್ಘಾನ್ ದೂತಾವಾಸದ ಪ್ರಕರಣದಲ್ಲಿ ಹೇಳಿತು. ಅದೇ ಅಳತೆಗೋಲು ನಮ್ಮತ್ತ ತಿರುಗಿದಾಗ ಸಾರ್ವಭೌಮತ್ವದ ಹೆಸರಿನಲ್ಲಿ ಕೆರಳುವುದು ಯಾವ ನ್ಯಾಯ?

ಹಾಗೆಂದು ದೇವಾಸ್ ಅಮಾಯಕವೆನ್ನುತ್ತಿಲ್ಲ. ಆ ವ್ಯವಹಾರ ವಂಚನೆಯೆಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದೇ ಆಗಸ್ಟ್‌ನಲ್ಲಿ ದಿಲ್ಲಿ ಹೈಕೋರ್ಟು 2015ರ ತೀರ್ಪನ್ನು ತಳ್ಳಿಹಾಕಿತು. ಆದರೆ ಸಿಬಿಐ ಆರೋಪಪಟ್ಟಿ ಸಲ್ಲಿಸಿದ್ದೇ 2016ರಲ್ಲಿ, ಮಧ್ಯಸ್ಥಗಾರರು ಎದ್ದುಹೋದ ಮೇಲೆ. 2005ರ ವಂಚನೆಯನ್ನು ಅಷ್ಟು ಕಾಲ ಕಾಣದೆ ಕುಳಿತವರು ಯಾರು? ಉತ್ತರಿಸಬೇಕಾದವರು ವಿದೇಶದಲ್ಲಿಲ್ಲ.

ಇಲ್ಲಿ ಸತ್ತ ತೀರ್ಪು ಅಮೆರಿಕದಲ್ಲಿ ಇನ್ನೂ ಉಸಿರಾಡುತ್ತಿತ್ತು. ಆಂಟ್ರಿಕ್ಸ್‌ಗೆ ಆ ದೇಶದೊಡನೆ ಸಾಕಷ್ಟು ಸಂಬಂಧವಿಲ್ಲವೆಂದು ಕೆಳಗಿನ ಮೇಲ್ಮನವಿ ನ್ಯಾಯಾಲಯ ಪ್ರಕರಣವನ್ನು ಕೈಬಿಟ್ಟಿತ್ತು. ವಿದೇಶಿ ರಾಷ್ಟ್ರಗಳ ವಿನಾಯಿತಿ ಕಾಯಿದೆ ಅಂತಹ ಸಂಬಂಧವನ್ನು ಕೇಳುವುದಿಲ್ಲವೆಂದು 2025ರ ಜೂನ್ 5ರಂದು ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿ, ಉಳಿದ ತಕರಾರುಗಳ ವಿಚಾರಣೆಗೆ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು.