ಆಸರೆಯ ಕಾರ್ಯಶಾಲೆಗಳೂ ಸರ್ಕಾರದ ಪರವಾನೆಯೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಯನ್ನು ಬಿಟ್ಟು ಕಾಯಿದೆಯ ಮಾತೆತ್ತಿದ್ದಕ್ಕೆ ಕ್ಷಮೆಯಿರಲಿ. ಊರಿನಲ್ಲಾಗಿದ್ದರೆ ಅಜ್ಜಿ, ದೊಡ್ಡಮ್ಮಂದಿರು ನೋಡಿಕೊಳ್ಳುತ್ತಿದ್ದ ಮಗುವನ್ನು ಇಲ್ಲಿ ಒಂದು ಕೋಣೆಯ ಮನೆಯಲ್ಲಿ ಬಿಟ್ಟು ಲೋಕಲ್ ಗಾಡಿ ಹಿಡಿಯಬೇಕಾದವರು ನಮ್ಮಲ್ಲಿಯೇ ಇದ್ದಾರೆ. ಬುದ್ಧಿಯ ಬೆಳವಣಿಗೆ ನಿಧಾನವಾದ, ಕಣ್ಣೋ ಕೈಕಾಲೋ ಸಹಕರಿಸದ ಮಕ್ಕಳು ದೊಡ್ಡವರಾದ ಮೇಲೆ ಹಗಲು ಹೋಗಿ ಲಕೋಟೆ, ಮೇಣದಬತ್ತಿ, ಹಣತೆ ಮಾಡಿ ಬರುವ ಸ್ಥಳಗಳೇ ಆಸರೆಯ ಕಾರ್ಯಶಾಲೆಗಳು. ಅಂಗವಿಕಲರ ಸೇವೆಯಲ್ಲಿ ಮುಂಬಯಿಗೆ ಹಳೆಯ ಹೆಸರಿದೆ. 1944ರಲ್ಲಿ ಆರಂಭವಾದ ಜೈ ವಕೀಲ ಶಾಲೆ ಶಿವಡಿಯಲ್ಲಿದೆ. ಅಂಧರ ರಾಷ್ಟ್ರೀಯ ಸಂಘ 1952ರಲ್ಲಿ ಹುಟ್ಟಿದ್ದು ಇದೇ ನಗರದಲ್ಲಿ. ಜೋಗೇಶ್ವರಿಯಲ್ಲಿ ಅದರ ಔದ್ಯೋಗಿಕ ಗೃಹವಿದೆ.

ಇಂಥ ಸಂಸ್ಥೆಗಳ ಮೇಲೆ ಸರ್ಕಾರದ ಕಣ್ಣು ಎಷ್ಟರಮಟ್ಟಿಗಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 50ನೆಯ ಕಲಮಿನಂತೆ ನೋಂದಣಿಯ ಪ್ರಮಾಣಪತ್ರವಿಲ್ಲದೆ ಯಾರೂ ಇವನ್ನು ನಡೆಸುವಂತಿಲ್ಲ. ಪಾಲನೆ, ಶಿಕ್ಷಣ, ತರಬೇತಿ ಕೊಡುವ ಸಂಸ್ಥೆಗಳೆಲ್ಲ ಇದರೊಳಗೆ ಬರುತ್ತವೆ. ಅರ್ಜಿ ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು. 1995ರ ಕಾಯಿದೆಯಲ್ಲಿಯೂ ನೋಂದಣಿಯ ಏರ್ಪಾಡಿತ್ತು. ಇಲ್ಲಿಯವರೆಗೆ ಸರಿ.

ಬಿ.ಕಾಂ. ಓದಿ ಬ್ಯಾಂಕಿನ ಲೆಡ್ಜರಿನ ಮುಂದೆ ಕುಳಿತವನಿಗೆ ಬೇರೆ ಸಂಶಯ. ಗಿರಾಕಿಯ ಲೆಕ್ಕವನ್ನು ಹೊರಗೆ ಆಡಬಾರದು. ಆದ್ದರಿಂದ ಹೆಸರು, ಉಪನಗರ ಬಿಟ್ಟು ಹೇಳುತ್ತೇನೆ. ನಮ್ಮ ಕಡೆಯವರೊಬ್ಬರು ಮಗಳ ಪಾಸ್‌ಬುಕ್ಕು ತಂದರು. ಹುಡುಗಿ ದಿನವೂ ಒಂದು ಕಾರ್ಯಶಾಲೆಗೆ ಹೋಗುತ್ತಾಳೆ. 7 ತಿಂಗಳಿಂದ ಬಡ್ಡಿಯ ಹೊರತು ಒಂದು ಜಮಾ ಇಲ್ಲ. “ಕೇಳಬಾರದೇ?” ಎಂದೆ. “ಕೇಳಿದರೆ ನಾಳೆಯಿಂದ ಕಳಿಸಬೇಡಿ ಎಂದಾರು. ದುಡ್ಡು ಹೋಗಲಿ ಮಾರಾಯರೇ, ಬೆಳಿಗ್ಗೆ ಎದ್ದು ತಾನೇ ಡಬ್ಬಿ ಕಟ್ಟಿಕೊಳ್ಳುತ್ತಾಳಲ್ಲ, ಅದು ನಿಲ್ಲಬಾರದು” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಪಾಸ್‌ಬುಕ್ಕು ಹಿಂದಿರುಗಿಸಿದೆ.

ಕೂಲಿಯ ವಿಷಯದಲ್ಲಿ ಕಾನೂನೇ ಮೊದಲಿನಿಂದ ಸಡಿಲವಾಗಿತ್ತು. ಅಂಗವಿಕಲ ನೌಕರರ ವೇತನಕ್ಕೆ ಕಾಯಿದೆ ಅನ್ವಯಿಸದೆಂದು ಆಜ್ಞೆ ಹೊರಡಿಸುವ ಅಧಿಕಾರವನ್ನು 1948ರ ಕನಿಷ್ಠ ವೇತನ ಕಾಯಿದೆಯ 26ನೆಯ ಕಲಮು ಸರ್ಕಾರಕ್ಕೆ ಕೊಟ್ಟಿತ್ತು. ಅದು ಸಾಲದೆಂಬಂತೆ, ಕೆಲಸಗಾರರನ್ನು ‘ತರಬೇತಿಯವರು’ ಎಂದು ಬರೆದುಕೊಂಡರೆ ಕೂಲಿಯ ಮಾತೇ ಏಳುವುದಿಲ್ಲ. ಹತ್ತು ವರ್ಷ ಹಣತೆಗೆ ಬಣ್ಣ ಬಳಿದವಳಿಗೆ ಇನ್ನೂ ಎಂಥ ತರಬೇತಿ?

ಹಾಗೆಂದು ಬಾಗಿಲು ಹಾಕಿಸಬೇಕೆನ್ನಲು ನನಗೆ ಧೈರ್ಯವಿಲ್ಲ. 52ನೆಯ ಕಲಮಿನಂತೆ, ನಿಯಮ ಮೀರಿದ ಸಂಸ್ಥೆಯ ಪ್ರಮಾಣಪತ್ರ ರದ್ದಾದರೆ ಸಂಸ್ಥೆಯೂ ನಿಲ್ಲಬೇಕು. ಅಲ್ಲಿ ಆಶ್ರಯ ಪಡೆದವರನ್ನು ತಂದೆತಾಯಿಯರ ವಶಕ್ಕೆ ಒಪ್ಪಿಸಬಹುದು, ಇಲ್ಲವೇ ಬೇರೊಂದು ಸಂಸ್ಥೆಗೆ ಸೇರಿಸಬಹುದು. ಆ ‘ಇಲ್ಲವೇ’ಯ ಮೇಲೆಯೇ ತಂದೆತಾಯಿಯರ ಭಯವೆಲ್ಲ ನಿಂತಿದೆ. ಹೋಗಲು ಬೇರೆ ಜಾಗ ಗೊತ್ತಿದ್ದರೆ ಆ ತಂದೆ ಬಾಯಿ ಬಿಡುತ್ತಿದ್ದರು. ಮುಚ್ಚುವ ಆಜ್ಞೆಗೆ ಮೊದಲು ಸರ್ಕಾರ ಆ ಜಾಗ ತೋರಿಸಬೇಕು. ತನಿಖೆಗೆ ಬಂದ ಅಧಿಕಾರಿ ಗಾಳಿಬೆಳಕು, ಶೌಚಾಲಯ ನೋಡಿದ ಮೇಲೆ ಮಾರಾಟದ ಪುಸ್ತಕವನ್ನೂ ಕೂಲಿಯ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಣತೆ ಮಾರಿದ ಹಣ ಎಲ್ಲಿ ಹೋಯಿತೆಂಬುದು ಲೆಕ್ಕದಲ್ಲಿ ತಾನಾಗಿ ಕಾಣುತ್ತದೆ.

ಒಬ್ಬೊಬ್ಬರೇ ಕೇಳಲು ಅಂಜಿಕೆಯಾಗುವುದು ಸಹಜ. ನಾಲ್ಕು ಮನೆಯವರು ಕೂಡಿ ಹೋಗಿ ನೋಂದಣಿಯ ಪ್ರಮಾಣಪತ್ರ ತೋರಿಸಿರೆಂದು ವಿನಯದಿಂದಲೇ ಕೇಳಬಹುದು. ಮಕ್ಕಳ ಹೆಸರಿನ ಖಾತೆಗೆ ಪಾಲಕತ್ವದ ಪತ್ರ ಬೇಕಾದಲ್ಲಿ, ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಸ್ಥಳೀಯ ಸಮಿತಿ ಅದನ್ನು ಕೊಡುತ್ತದೆ. ಅರ್ಜಿ ಬರೆಯುವುದು ಕಷ್ಟವೆನಿಸಿದವರು ಭಾನುವಾರ ಬೆಳಿಗ್ಗೆ ಸಂಘದ ಕೋಣೆಗೆ ಬನ್ನಿ, ನಾನು ಅಲ್ಲಿರುತ್ತೇನೆ. ಪಾಸ್‌ಬುಕ್ಕು ತರಲು ಮರೆಯಬೇಡಿ.