ಬರೆದಿಡದ ಸಂಬಳ, ಕೈಜಾರುವ ಹಕ್ಕು

(ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕಾರ್ಮಿಕ ಕುಟುಂಬಗಳ ಮುಂದೆ ಮಾಡಿದ ಭಾಷಣ)





ಯಂತ್ರಕ್ಕೆ ಸಿಲುಕಿ ಬೆರಳು ಕಳೆದುಕೊಂಡ ಯುವಕನಿಗಾಗಿ ನಾವು ಮಸೀದಿಯ ಬಾಗಿಲಲ್ಲಿ ಚಾದರ ಹಾಸಿ ಹಣ ಕೂಡಿಸುತ್ತೇವೆ. ಅದು ಪುಣ್ಯಕಾರ್ಯವೇ ಸರಿ. ಆದರೆ ಕಾನೂನು ಪ್ರಕಾರ ಆತನಿಗೆ ಸಲ್ಲಬೇಕಾದುದು ಎಷ್ಟು ಎಂದು ಲೆಕ್ಕ ಹಾಕುವವರು ನಮ್ಮಲ್ಲಿ ವಿರಳ. ದಾನವು ಕೊಡುವವನ ಔದಾರ್ಯ. ಪರಿಹಾರವಾದರೋ ದುಡಿದವನ ಹಕ್ಕು.

ಈ ಲೆಕ್ಕಕ್ಕೆ ಎರಡು ದಾರಿಗಳಿವೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಸಾಮಾನ್ಯವಾಗಿ ಇಎಸ್‌ಐ ಅನ್ವಯಿಸುತ್ತದೆ. ಕೆಲಸದಲ್ಲಿ ಶಾಶ್ವತ ವೈಕಲ್ಯ ಉಂಟಾದರೆ, ಸರಾಸರಿ ದಿನದ ವೇತನದ ಶೇ. 90ನ್ನು ತೆಗೆದುಕೊಂಡು, ದುಡಿಯುವ ಸಾಮರ್ಥ್ಯ ಶೇಕಡಾ ಎಷ್ಟು ಕುಂದಿದೆಯೋ ಅಷ್ಟು ಪಾಲನ್ನು ಜೀವನಪರ್ಯಂತ ಕೊಡಲಾಗುತ್ತದೆ. ದಿನದ ವೇತನ 500 ರೂ. ಎಂದಿಟ್ಟುಕೊಳ್ಳಿ. ಅದರ ಶೇ. 90 ಎಂದರೆ 450 ರೂ. ಹೆಬ್ಬೆರಳಿನ ನಷ್ಟವನ್ನು ಕಾನೂನಿನ ಅನುಸೂಚಿಯು ಶೇ. 30 ಎಂದು ಎಣಿಸುತ್ತದೆ. ಆಗ ದಿನಕ್ಕೆ 135 ರೂ. ದೊರೆಯುತ್ತದೆ.

ಇಎಸ್‌ಐ ಇಲ್ಲದ ಸಣ್ಣ ಗ್ಯಾರೇಜು, ಲೇತ್ ಅಂಗಡಿಗಳಲ್ಲಿ ಪರಿಹಾರದ ಹೊಣೆ ಮಾಲೀಕನದು. 1923ರ ಪರಿಹಾರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಸೂತ್ರ ಮಾತ್ರ ಹಳೆಯದೇ. ಮಾಸಿಕ ವೇತನದ ಶೇ. 60ನ್ನು ವಯಸ್ಸಿಗೆ ಗೊತ್ತುಪಡಿಸಿದ ಗುಣಕದಿಂದ ಗುಣಿಸಬೇಕು. ಗುಣಕವು 30ರ ವಯಸ್ಸಿಗೆ 207.98, 50ಕ್ಕೆ 153.09. ತಿಂಗಳಿಗೆ 12,000 ರೂ. ಪಡೆಯುವ 30ರ ಯುವಕ ಸಂಪೂರ್ಣ ಅಸಮರ್ಥನಾದರೆ 14,97,456 ರೂ. ಸಲ್ಲಬೇಕು. ಹೆಬ್ಬೆರಳು ಮಾತ್ರ ಹೋದರೆ ಅದರ ಶೇ. 30, ಅಂದರೆ ಸುಮಾರು 4,49,000 ರೂ.

ಈಗ ಗಮನಿಸಿ. ವಯಸ್ಸನ್ನು ಯಾರೂ ಬದಲಿಸಲಾರರು. ಗಾಯವನ್ನು ವೈದ್ಯರು ಅಳೆಯುತ್ತಾರೆ. ಆದರೆ ಎರಡೂ ಲೆಕ್ಕಗಳ ಬುನಾದಿಯಾದ ವೇತನವನ್ನು ಮಾಲೀಕನ ಲೇಖನಿ ಬರೆಯುತ್ತದೆ. 12,000 ಕೊಟ್ಟು ಪುಸ್ತಕದಲ್ಲಿ 6,000 ಎಂದು ಬರೆದರೆ, ಪರಿಹಾರವೂ ಅರ್ಧಕ್ಕೆ ಇಳಿಯುತ್ತದೆ. ಇಎಸ್‌ಐಗೆ ಮಾಲೀಕನ ವಂತಿಗೆ 2019ರ ಜುಲೈಯಿಂದ ವೇತನದ ಶೇ. 3.25 ಮಾತ್ರ. ಅದರಲ್ಲಿ ಒಂದಿಷ್ಟು ಉಳಿಸಲು ಹೋಗಿ ಒಬ್ಬನ ಬದುಕಿನ ಅರ್ಧ ಅನ್ನವನ್ನು ಕಸಿಯುವುದು ಯಾವ ನ್ಯಾಯ? ಹಾಗೆ ಬರೆಯುವವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವುದು? ಅಲ್ ಬಕರ ಅಧ್ಯಾಯದ 282ನೆಯ ವಚನ. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ. ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡಬೇಕೆಂಬ ಆದೇಶ. ಕಾರ್ಮಿಕನ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದರು. ಕೊಟ್ಟ ಕೂಲಿಯನ್ನು ಸುಳ್ಳಾಗಿ ಬರೆಯುವ ಕೈಗೆ ಈ ಎರಡೂ ಬೋಧನೆಗಳು ಅನ್ವಯಿಸುವುದಿಲ್ಲವೇ?

ಆದ್ದರಿಂದ ಸಹೋದರರೇ, ಸಂಬಳವನ್ನು ಸಾಧ್ಯವಾದಷ್ಟು ಬ್ಯಾಂಕಿನ ಮೂಲಕ ಪಡೆಯಿರಿ. ನಗದಾದರೆ ದಿನಾಂಕ ಸಹಿತ ಬರೆದಿಡಿ. ಇಎಸ್‌ಐ ವಿಮಾ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅಪಘಾತವಾದರೆ ಅಂದೇ ದಾಖಲಿಸಿರಿ. ಇಎಸ್‌ಐ ನಿಗಮದ ಪ್ರಾದೇಶಿಕ ಕಚೇರಿ ದೂರದಲ್ಲೇನೂ ಇಲ್ಲ, ಇಲ್ಲೇ ಬಿನ್ನಿಪೇಟೆಯಲ್ಲಿದೆ. ಸಹೋದರಿಯರೇ, ಆ ಕಾಗದಗಳನ್ನು ಮನೆಯಲ್ಲಿ ಜೋಪಾನ ಮಾಡುವ ಹೊಣೆ ನಿಮ್ಮದೂ ಹೌದು.

ಚಾದರ ಹಾಸುವುದನ್ನು ನಿಲ್ಲಿಸಬೇಕಾಗಿಲ್ಲ. ಅದಕ್ಕೂ ಮುನ್ನ ಅರ್ಜಿಯನ್ನು ಬರೆಯೋಣ. ನ್ಯಾಯದ ಪರ ನಿಲ್ಲುವ ಶಕ್ತಿಯನ್ನು ಅಲ್ಲಾಹನು ನಮಗೆ ಕರುಣಿಸಲಿ.