ಮಕ್ಕಳ ರಜೆಯೂ ಮನೆಯ ಸಾಲವೂ



ಮನೆವಾರ್ತೆಯ ಖರ್ಚುಗಳಲ್ಲಿ ಎರಡು ಬಗೆಯುಂಟು. ರೋಗರುಜಿನಗಳಂತೆ ಹೇಳದೆ ಕೇಳದೆ ಬರತಕ್ಕವು ಕೆಲವು. ತಾರೀಖನ್ನು ಮೊದಲೇ ತಿಳಿಸಿ ಬರತಕ್ಕವು ಕೆಲವು. ಮಕ್ಕಳ ಬೇಸಗೆಯ ರಜೆ ಈ ಎರಡನೆಯ ಬಗೆಗೆ ಸೇರಿದುದು. ನಮ್ಮ ರಾಜ್ಯದ ಪಠ್ಯಕ್ರಮವನ್ನನುಸರಿಸುವ ಶಾಲೆಗಳು ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಈ ಏಳು ವಾರಗಳು ಬರುವುವೆಂದು ಹಿಂದಿನ ಜೂನ್ ತಿಂಗಳಿನಲ್ಲಿಯೇ ಎಲ್ಲರಿಗೂ ಗೊತ್ತು. ಆದರೂ ಪ್ರತಿವರ್ಷವೂ ಅವು ಆಕಸ್ಮಿಕದಂತೆಯೇ ನಮ್ಮ ಮೇಲೆ ಬೀಳುತ್ತವೆ. ಹಳೆಯ ಸಾಲ ತೀರುವ ಮುನ್ನವೇ ಹೊಸ ಸಾಲವನ್ನು ಹೊರಿಸುತ್ತವೆ.

ಬೆಂಗಳೂರಿನ ಹೊರವಲಯದಲ್ಲಿ ಈ ತೊಂದರೆ ಹೆಚ್ಚು. 1882ರಲ್ಲಿ ಆಂಗ್ಲೋ-ಇಂಡಿಯನ್ ಸಂಸಾರಗಳ ವಸತಿಗಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಬಹುಮಹಡಿಗಳ ನಗರವಾಗಿದೆ. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ ಹೊಲಗಳ ನಡುವೆ ಎದ್ದುದು. ಪೀಣ್ಯ ಯಂತ್ರಗಳ ಊರು. ಈ ಮೂರು ಕಡೆಗಳಲ್ಲಿಯೂ ನೆಲೆಸಿರುವವರಲ್ಲಿ ಅನೇಕರು ದೂರದ ಊರುಗಳಿಂದ ಬಂದವರು. ಅಜ್ಜಿಯ ಮನೆ ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಇರುತ್ತದೆ. ತಾಯಿತಂದೆಗಳಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಡುತ್ತಾರೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಇಲ್ಲಿ ಹಾಸಿಗೆಯನ್ನು ಹಾಸಿದ ಮನೆಯೇ ಸಾಲದ್ದು.

ಬೇಸಗೆಯ ಶಿಬಿರದ ಶುಲ್ಕವನ್ನು ವಿಲಾಸವೆಂದು ಹಳಿಯುವುದು ಸುಲಭ. ಆದರೆ ಆ ಶುಲ್ಕದಲ್ಲಿ ಎರಡು ಬೆಲೆಗಳು ಬೆರೆತಿರುವುದನ್ನು ಗಮನಿಸಬೇಕು. ಮಗುವನ್ನು ಹಗಲೆಲ್ಲ ನೋಡಿಕೊಳ್ಳುವುದರ ಬೆಲೆ ಒಂದು. ಚಿತ್ರ, ಈಜು, ನಾಟಕ ಮುಂತಾದುವನ್ನು ಕಲಿಸುವುದರ ಬೆಲೆ ಮತ್ತೊಂದು. ಮೊದಲನೆಯದು ಅಕ್ಕಿಬೇಳೆಯಂತೆ ಆವಶ್ಯಕ. ಎರಡನೆಯದು ನಮ್ಮ ಇಚ್ಛೆಗೆ ಬಿಟ್ಟುದು. ಎರಡನ್ನೂ ಒಂದೇ ಗಂಟಿನಲ್ಲಿ ಕೊಳ್ಳುವುದರಿಂದಲೇ ಸಂಸಾರಗಳು ಸೋಲುತ್ತವೆ.

ಕಾವಲಿನ ಮಾತನ್ನು ಮೊದಲು ನೋಡೋಣ. ವಾರಕ್ಕೆ ಐದು ದಿನದ ಕೆಲಸವೆಂದು ಹಿಡಿದರೆ ಏಳು ವಾರಗಳಿಗೆ ಮೂವತ್ತೈದು ದಿನಗಳಾದವು. ಒಂದೇ ಕಟ್ಟಡದ ಐದು ಮನೆಗಳವರು ಕೂಡಿ, ಹತ್ತು ಮಂದಿ ತಾಯಿತಂದೆಗಳು ತಲಾ ನಾಲ್ಕು ದಿನ ಸರದಿಯಿಂದ ರಜೆ ಪಡೆದರೆ ನಲವತ್ತು ದಿನಗಳು ದೊರೆಯುತ್ತವೆ. ಆದರೆ ಪೀಣ್ಯದಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ, ರಜೆ ಹಾಕಿದ ದಿನದ ಕೂಲಿ ನಷ್ಟವಾಗುವುದಾದರೆ, ಈ ಲೆಕ್ಕ ಒಪ್ಪದು. ಅವರು ಹೋಗುವ ಕೂಲಿಯನ್ನೂ ಶಿಬಿರದ ಶುಲ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಬೇಕು. ಶಿಬಿರವೇ ಅಗ್ಗವೆಂದು ಕಂಡರೆ ಸಂಕೋಚಪಡದೆ ಅದನ್ನೇ ಆರಿಸಬೇಕು.

ಇನ್ನು ಸಾಲದ ವಿಚಾರ. ಸಾಲಗಳೆಲ್ಲವೂ ಒಂದೇ ಜಾತಿಯವಲ್ಲ. ಹನ್ನೆರಡು ಸಾವಿರ ರೂಪಾಯಿಗಳ ಶುಲ್ಕವನ್ನು ಕ್ರೆಡಿಟ್ ಕಾರ್ಡಿನ ಮೇಲೆ ಕೊಟ್ಟು ಬಾಕಿ ಉಳಿಸಿದೆವೆನ್ನೋಣ. ತಿಂಗಳಿಗೆ ಶೇಕಡ ಮೂರೂವರೆಯಂತೆ ಬಡ್ಡಿಯೇ 420 ರೂಪಾಯಿ; ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ವರ್ಷಕ್ಕೆ 5,040 ರೂಪಾಯಿ, ತೆರಿಗೆ ಬೇರೆ. ಅಸಲು ಕದಲಿರುವುದಿಲ್ಲ, ಅಷ್ಟರಲ್ಲಿ ಮುಂದಿನ ಬೇಸಗೆ ಬಂದಿರುತ್ತದೆ. ಕಾರ್ಡಿನಲ್ಲಿ ಹಳೆಯ ಬಾಕಿಯಿದ್ದವರಿಗೆ ಹೊಸ ಖರೀದಿಗೆ ಬಡ್ಡಿಯಿಲ್ಲದ ಗಡುವೂ ಸಾಮಾನ್ಯವಾಗಿ ಸಿಗುವುದಿಲ್ಲ. ಆದುದರಿಂದ ಕೈಯಲ್ಲಿ ಮಿಗುವ ಹಣ ಮೊದಲು ಇಂಥ ಸಾಲಕ್ಕೇ ಹೋಗತಕ್ಕದ್ದು.

ಮನೆಯ ಸಾಲದಲ್ಲಿ ಬೇರೊಂದು ಮೋಹವುಂಟು. ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು 2025ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ ಹಂತಹಂತವಾಗಿ ಶೇಕಡ 6.50ರಿಂದ 5.25ಕ್ಕೆ ಇಳಿಸಿತು. ಬಡ್ಡಿ ಇಳಿದಾಗ ಕಂತನ್ನು ಕಡಮೆಮಾಡಿಸಿಕೊಂಡು, ಉಳಿದ ಹಣದಲ್ಲಿ ರಜೆ ಕಳೆಯೋಣವೆಂದು ಮನಸ್ಸು ಹೇಳುತ್ತದೆ. ಉದಾಹರಣೆಗೆ, ಇಪ್ಪತ್ತು ವರ್ಷಗಳ ಮೂವತ್ತು ಲಕ್ಷ ರೂಪಾಯಿಗಳ ಸಾಲಕ್ಕೆ ಶೇಕಡ ಒಂಬತ್ತರಂತೆ ಕಂತು 26,992 ರೂಪಾಯಿ. ಶೇಕಡ ಎಂಟಾದರೆ 25,093. ತಿಂಗಳಿಗೆ ಸುಮಾರು 1,900 ರೂಪಾಯಿ ಕೈಗೆ ಬಂತು. ಆದರೆ ಆರಂಭದಿಂದಲೇ ಎಂಟರ ದರದಲ್ಲಿ ಹಳೆಯ ಕಂತನ್ನೇ ಕಟ್ಟಿದರೆ ಸಾಲ ಸುಮಾರು ಮೂರು ವರ್ಷ ಮೊದಲೇ ತೀರುತ್ತದೆ. ರಜೆಗೆಂದು ತೆಗೆದುಕೊಂಡ ಆ ಹಣದ ಬೆಲೆ ಮೂರು ವರ್ಷಗಳ ಕಂತು ಎಂಬುದನ್ನು ತಿಳಿದು ತೆಗೆದುಕೊಳ್ಳಬೇಕು.

ಹಾಗಾದರೆ ಮಕ್ಕಳಿಗೆ ಏನೂ ಬೇಡವೆ? ಬೇಕು. ರಜೆಗೆ ಸೊನ್ನೆ ಬರೆದ ಆಯವ್ಯಯ ಮೇ ತಿಂಗಳ ಮೊದಲ ವಾರದಲ್ಲಿಯೇ ಮುರಿಯುತ್ತದೆ, ಮುರಿದ ಮೇಲೆ ಲೆಕ್ಕವನ್ನೇ ಬಿಡುತ್ತೇವೆ. ಜೂನ್‌ನಿಂದ ತಿಂಗಳಿಗೆ ಐನೂರು ರೂಪಾಯಿಗಳನ್ನು ಬೇರೆ ಖಾತೆಯಲ್ಲಿಟ್ಟರೆ ಏಪ್ರಿಲ್ ಹೊತ್ತಿಗೆ ಐದೂವರೆ ಸಾವಿರ ಆಗಿರುತ್ತದೆ. ಅದೇ ರಜೆಯ ಎಲ್ಲೆ.

ಆ ಎಲ್ಲೆಯೊಳಗೆ ಎಷ್ಟೋ ಆಗುತ್ತದೆ. ಪೀಣ್ಯದಿಂದ ನಮ್ಮ ಮೆಟ್ರೋ 2014ರಿಂದಲೂ, ವೈಟ್‌ಫೀಲ್ಡಿನಿಂದ ನಗರದ ನಡುವಿಗೆ ನೇರವಾಗಿ 2023ರ ಅಕ್ಟೋಬರ್‌ನಿಂದಲೂ, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಿಂದಲೂ ಓಡುತ್ತಿದೆ. ಕಬ್ಬನ್ ಉದ್ಯಾನದ ಬಾಲಭವನ, ಅದರ ಬಳಿಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಲಾಲ್‌ಬಾಗ್, ತಾರಾಲಯ, ಇವುಗಳಿಗೆ ವಾರಕ್ಕೊಂದರಂತೆ ಹೋಗಬಹುದು. ಹೊರವಲಯದ ಮಕ್ಕಳಲ್ಲಿ ಅನೇಕರಿಗೆ ತಮ್ಮ ನಗರವೇ ಅಪರಿಚಿತ.

ಕೊನೆಯದಾಗಿ, ಈ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡಬಾರದು. ನೆರೆಮನೆಯ ಹುಡುಗ ಕುದುರೆಸವಾರಿಯ ಶಿಬಿರಕ್ಕೆ ಹೋದಾಗ ನಮ್ಮ ಮಗು ಕೇಳಿಯೇ ಕೇಳುತ್ತದೆ. ಆಗ ಗದರಿಸಿದರೆ ತಾನು ಕೇಳಿದುದೇ ತಪ್ಪೆಂದು ಅದು ತಿಳಿಯುತ್ತದೆ. ಸುಳ್ಳು ಹೇಳಿದರೆ ಸಾಲವೆಂಬುದು ನಾಚಿಕೆಯ ವಸ್ತುವೆಂದು ಕಲಿಯುತ್ತದೆ. ಹತ್ತು ವರ್ಷದ ಮಗುವಿಗೆ ಕೂಡುವ ಕಳೆಯುವ ಲೆಕ್ಕ ಬರುತ್ತದಷ್ಟೆ. ಐದೂವರೆ ಸಾವಿರವನ್ನು ತೋರಿಸಿ, “ಇದರಲ್ಲಿ ಏನೇನು ಮಾಡೋಣ, ನೀನೇ ಬರೆ” ಎಂದು ಕಾಗದವನ್ನು ಅದರ ಕೈಗೆ ಕೊಡಬೇಕು. ಎರಡು ವಾರದ ಈಜನ್ನು ಇಟ್ಟುಕೊಂಡು ಉಳಿದುದನ್ನು ಅದೇ ಹೊಡೆದುಹಾಕಬಹುದು. ಆ ಆಯ್ಕೆಯನ್ನು ತಾಯಿತಂದೆಗಳು ಮನ್ನಿಸಬೇಕೆಂದು ಕೇಳಿಕೊಂಡು ಈ ಭಾಷಣವನ್ನು ಮುಗಿಸುತ್ತೇವೆ.